ಡಾಕ್ಟರಮ್ಮ ಬರೆದುಕೊಟ್ಟ ಚೀಟಿ

ಹರಿಹರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬ್ಲೌಸು, ಚೂಡಿದಾರ, ಮದುವೆ ಸೀಸನ್ನಿನಲ್ಲಿ ಲಂಗ-ದಾವಣಿ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಈಗ ಬರೆಯುತ್ತಿರುವುದು ನಮ್ಮೂರಿನ ಒಂದು ಹಲ್ಲಿನ ಕ್ಲಿನಿಕ್ ಬಗ್ಗೆ, ಅಲ್ಲಿಂದ ನನ್ನನ್ನು ಕಳಿಸಿದ ದಾವಣಗೆರೆಯ ಇನ್ನೊಂದು ಕ್ಲಿನಿಕ್ ಬಗ್ಗೆ. ಎರಡನ್ನೂ ಸೇರಿಸಿಯೇ ಬರೆಯಬೇಕು. ಆ ಇಬ್ಬರು ಡಾಕ್ಟರು ಒಬ್ಬರಿಗೊಬ್ಬರು ಹೇಳಿ ಕೇಳಿ ಕೆಲಸ ಮಾಡಿದ್ದರಿಂದಲೇ ನನ್ನ ಹಲ್ಲು ಇವತ್ತು ಬಾಯಲ್ಲಿದೆ. ಹೆಸರು ಹಾಕುತ್ತಿಲ್ಲ. "ಬೇಡಮ್ಮ, ಜಾಹೀರಾತು ಥರ ಆಗುತ್ತೆ" ಅಂತ ಡಾಕ್ಟರಮ್ಮನೇ ಹೇಳಿದರು. ಅಂಗಡಿಗೆ ಬಂದು ಕೇಳಿದವರಿಗೆ ದಾರಿ ತೋರಿಸುತ್ತೇನೆ.

ಮೊದಲು ಹಳೆಯ ಕಥೆ ಹೇಳಬೇಕು. 2022ರಲ್ಲಿ ಮೇಲಿನ ಬಲಗಡೆ ದವಡೆ ಹಲ್ಲು ರಾತ್ರಿಯೆಲ್ಲ ಸಿಡಿಯುತ್ತಿತ್ತು. ಆಗ ನಾನು ಅಕ್ಕನ ಊರಲ್ಲಿದ್ದೆ. ಅಲ್ಲೇ ಒಂದು ದೊಡ್ಡ ಕ್ಲಿನಿಕ್‌ಗೆ ಹೋದೆ. ರೂಟ್ ಕೆನಾಲ್ ಆಗಬೇಕು, ಅಂದರೆ ಹಲ್ಲಿನ ಬೇರಿನೊಳಗಿನ ನಾಳ ತೊಳೆದು ತುಂಬಬೇಕು, ಸ್ಪೆಷಲಿಸ್ಟ್ ಭಾನುವಾರ ಬರುತ್ತಾರೆ ಅಂದರು. ಭಾನುವಾರ ನಾವು ಐದು ಜನ ಸಾಲಾಗಿ ಕೂತಿದ್ದೆವು. ಒಬ್ಬರು ಬ್ಯಾಗ್ ಹಿಡಿದು ಬಂದರು, ಮಾಸ್ಕ್ ಹಾಕಿಕೊಂಡೇ ಬಂದರು. ನಲವತ್ತು ನಿಮಿಷದಲ್ಲಿ ನನ್ನ ಕೆಲಸ ಮುಗಿಯಿತು. ಅವರ ಮುಖವನ್ನೂ ನೋಡಲಿಲ್ಲ, ಹೆಸರೂ ಗೊತ್ತಾಗಲಿಲ್ಲ. ಮುಂದಿನ ವಾರ ಕ್ಲಿನಿಕ್‌ನವರೇ ಕ್ಯಾಪ್ ಹಾಕಿದರು. ಎಲ್ಲಾ ಸೇರಿ 11,000 ರೂಪಾಯಿ.

ಆರೇಳು ತಿಂಗಳಾದ ಮೇಲೆ ಅದೇ ಹಲ್ಲು ಮತ್ತೆ ಶುರುವಾಯಿತು. ಮೊದಲಿನ ಥರ ಸಿಡಿತ ಅಲ್ಲ. ಕಡಕ್ ರೊಟ್ಟಿ ಕಡಿದರೆ ಒಳಗೆ ಎಲ್ಲೋ ಒತ್ತಿದ ಹಾಗೆ. ವಾಪಸ್ ಹೋದೆ. ಎಕ್ಸ್-ರೇ ಚೆನ್ನಾಗೇ ಇದೆ ಅಂತ ಗುಳಿಗೆ ಕೊಟ್ಟರು. ಎರಡನೇ ಸಲವೂ ಗುಳಿಗೆ. ಮೂರನೇ ಸಲ, ಕೆಲಸ ಮಾಡಿದ ಡಾಕ್ಟರನ್ನೇ ನೋಡಬೇಕು ಅಂದೆ. "ಅವರು ಈಗ ಇಲ್ಲಿಗೆ ಬರೋದಿಲ್ಲ" ಅಂದರು. ಹೆಸರಾದರೂ ಹೇಳಿ ಅಂದೆ. ಕೌಂಟರಿನ ಹುಡುಗಿ ಪುಸ್ತಕ ತೆಗೆದಳು. ನನ್ನ ಹೆಸರಿನ ಮುಂದೆ "ಆರ್‌ಸಿಟಿ, ವಿಸಿಟಿಂಗ್" ಅಂತ ಮಾತ್ರ ಇತ್ತು. ಆರ್‌ಸಿಟಿ ಅಂದರೆ ರೂಟ್ ಕೆನಾಲ್, ವಿಸಿಟಿಂಗ್ ಅಂದರೆ ಹೊರಗಿಂದ ಬಂದು ಹೋಗುವ ಡಾಕ್ಟರು. ಅಷ್ಟೇ. ಯಾವ ವಿಸಿಟಿಂಗ್? ಯಾರಿಗೂ ಗೊತ್ತಿಲ್ಲ. ಆ ದಿನ ಬಸ್ಸಿನಲ್ಲಿ ಕೂತು ತುಂಬಾ ಬೇಜಾರು ಮಾಡಿಕೊಂಡೆ. ಹಲ್ಲು ಹೋದರೆ ಹೋಗಲಿ, ನನ್ನ ಹಲ್ಲಿಗೆ ಕೈ ಹಾಕಿದವರು ಯಾರು ಅಂತ ಹೇಳುವವರೇ ಇಲ್ಲ ಅಲ್ವಾ ಅಂತ.

ಸ್ಪೆಷಲಿಸ್ಟ್ ಬೇರೆ ಊರಿಂದ ಬಂದು ಹೋಗುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮಂಥ ಊರುಗಳಿಗೆ ಹಾಗೆ ಬಂದರೇನೇ ಉಂಟು. ವಾರದಲ್ಲಿ ಏಳೆಂಟು ಕ್ಲಿನಿಕ್ ಸುತ್ತುವ ಹುಡುಗರಿದ್ದಾರೆ, ಸಾಮಾನೆಲ್ಲ ಡಬ್ಬಿಯಲ್ಲಿಟ್ಟುಕೊಂಡು ಬೈಕಿನ ಮೇಲೆ ಬರುತ್ತಾರೆ. ಅದರಿಂದ ಜನಕ್ಕೆ ಅನುಕೂಲವೇ. ಆದರೆ ಯಾರು ಏನು ಮಾಡಿದರು ಅಂತ ಬರೆದಿಡಬೇಕು. ನೋವು ಬಂದಾಗ ಉತ್ತರ ಹೇಳುವವರು ಒಬ್ಬರು ಇರಬೇಕು.

ನಮ್ಮ ಕೆಲಸದಲ್ಲೂ ಇದು ಇದೆ. ನನಗೆ ಆರಿ ವರ್ಕ್, ಅಂದರೆ ಕೊಕ್ಕೆ ಸೂಜಿಯಲ್ಲಿ ಮಾಡುವ ಮಣಿ-ದಾರದ ಕಸೂತಿ, ಬರುವುದಿಲ್ಲ. ಮದುವೆ ಬ್ಲೌಸಿಗೆ ಆರಿ ಬೇಕು ಅಂದರೆ ನಮ್ಮೂರಿನ ಒಬ್ಬಳು ಹುಡುಗಿಗೆ ಕೊಡುತ್ತೇನೆ, ಅವಳ ಕೈ ಬಹಳ ಚೆನ್ನ. ಆದರೆ ಸುಮ್ನೆ ಬಟ್ಟೆ ಕೊಟ್ಟು ಕಳಿಸಿದರೆ ಆಗುತ್ತಾ? ಕತ್ತು ಎಲ್ಲಿ, ತೋಳು ಎಲ್ಲಿ, ಹೊಲಿಗೆಗೆ ಎಷ್ಟು ಬಿಡಬೇಕು, ಎಲ್ಲಾ ಚಾಕ್‌ನಲ್ಲಿ ಗೆರೆ ಎಳೆದು, ಚೀಟಿ ಬರೆದು ಪಿನ್ ಮಾಡಿ ಕೊಡಬೇಕು. ಹೊಲಿಗೆ ಬರುವ ಜಾಗದಲ್ಲಿ ಮಣಿ ಕೂರಿಸಿಬಿಟ್ಟರೆ ನನ್ನ ಮಷೀನಿನ ಸೂಜಿ ಮುರಿಯುತ್ತದೆ. ಆಮೇಲೆ ಒಂದು ಮಣಿ ಉದುರಿದರೂ ಗಿರಾಕಿ ಬರುವುದು ನನ್ನ ಹತ್ತಿರ. "ಆರಿಯವಳನ್ನು ಕೇಳಿ" ಅನ್ನೋಕಾಗಲ್ಲ. ಬಟ್ಟೆ ಅವರು ಕೊಟ್ಟಿದ್ದು ನನ್ನ ಕೈಗೆ.

ಇನ್ನು ಹರಿಹರದ ಡಾಕ್ಟರಮ್ಮನ ವಿಷಯ. ಮೆಡಿಕಲ್ ಅಂಗಡಿಯ ಮೇಲೆ, ಮೊದಲನೇ ಮಹಡಿ. ಒಂದೇ ಕುರ್ಚಿ, ಒಬ್ಬಳು ಸಹಾಯಕಿ. ಬೋರ್ಡಿನ ಮೇಲೆ ಬಿ.ಡಿ.ಎಸ್. ಅಂತ ಮಾತ್ರ ಇದೆ, ಹಲ್ಲಿನ ಡಾಕ್ಟರ ಮೊದಲ ಡಿಗ್ರಿ. 2024ರ ಜೂನ್‌ನಲ್ಲಿ ಪಕ್ಕದ ಮನೆಯವರು ಹೇಳಿದ್ದಕ್ಕೆ ಹೋದೆ. ಹಳೆ ಚೀಟಿಗಳನ್ನೆಲ್ಲ ಕವರಿನಲ್ಲಿ ಹಾಕಿಕೊಂಡು ಹೋಗಿದ್ದೆ. ಎಲ್ಲವನ್ನೂ ಓದಿದರು. ಎಂದಿನಿಂದ ನೋವು, ಬಿಸಿಗೆ ಬರುತ್ತಾ, ಕಡಿದಾಗ ಬರುತ್ತಾ, ಬಿಟ್ಟಾಗ ಬರುತ್ತಾ ಅಂತ ಕೇಳಿದರು. ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ಮೆಲ್ಲಗೆ ಕುಟ್ಟಿದರು. ಆ ಹಲ್ಲಿಗೆ ಬಂದಾಗ ನಾನು ಕುರ್ಚಿಯ ಕೈ ಹಿಡಿದುಕೊಂಡೆ.

ಆಮೇಲೆ ಮುಂದಿನ ಹಲ್ಲು ನೋಡಿ, "ದಾರ ಹಲ್ಲಲ್ಲಿ ಕಡೀತೀರಾ?" ಅಂದರು. ನಾನು ಟೈಲರ್ ಅಂತ ಇನ್ನೂ ಹೇಳಿರಲಿಲ್ಲ. ಮೇಲಿನ ಮುಂದಿನ ಹಲ್ಲಿನ ತುದಿಯಲ್ಲಿ ಸಣ್ಣ ಗೀರು ಬಿದ್ದಿತ್ತು, ದಾರ ಕೂರುವಷ್ಟು. ಕನ್ನಡಿ ಹಿಡಿದು ತೋರಿಸಿದರು. ಅವತ್ತಿನಿಂದ ಚಿಕ್ಕ ಕತ್ತರಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೇನೆ. ಅಂಗಡಿಯ ಇಬ್ಬರು ಹುಡುಗಿಯರಿಗೂ ಕೊಟ್ಟಿದ್ದೇನೆ.

ಎಕ್ಸ್-ರೇ ಎರಡು ತೆಗೆದರು. ಒಂದು ನೇರವಾಗಿ, ಇನ್ನೊಂದು ಸ್ವಲ್ಪ ಓರೆಯಾಗಿ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದರು. ಆ ಹಲ್ಲಿಗೆ ಮೂರು ಬೇರು. ಬೇರಿನೊಳಗೆ ತುಂಬಿದ ಮಸಾಲೆ ಬಿಳಿ ಗೆರೆಯ ಹಾಗೆ ಕಾಣುತ್ತದೆ. ಎರಡು ಬೇರಿನಲ್ಲಿ ಗೆರೆ ಸರಿಯಾಗಿ ನಡುವೆ ಇತ್ತು. ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಮಾತ್ರ ಗೆರೆ ಒಂದು ಪಕ್ಕಕ್ಕೆ ಸರಿದಿತ್ತು. ಆ ಬೇರಿನ ತುದಿಯಲ್ಲಿ ತೊಗರಿಬೇಳೆಯಷ್ಟು ಕಪ್ಪು ನೆರಳು. ಡಾಕ್ಟರಮ್ಮ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಆ ಬೇರಿನಲ್ಲಿ ಬಹಳ ಜನಕ್ಕೆ ಎರಡು ನಾಳ ಇರುತ್ತವೆ. ಎರಡನೆಯದು ಕೂದಲಿನಷ್ಟು ಸಣ್ಣದು, ಬರಿಗಣ್ಣಿಗೆ ಸುಲಭವಾಗಿ ಸಿಗುವುದಿಲ್ಲ. ಅದನ್ನು ಹುಡುಕದೆ ಮುಚ್ಚಿದರೆ ಒಳಗಿನ ಕೀಟಾಣು ಅಲ್ಲೇ ಉಳಿದು ಬೇರಿನ ತುದಿಯ ಮೂಳೆಯನ್ನು ತಿನ್ನುತ್ತವೆ.

ಇಲ್ಲಿ ಅವರು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ನಾನೂ ದಿನಾ ರೂಟ್ ಕೆನಾಲ್ ಮಾಡ್ತೀನಿ. ಆದರೆ ಮಾಡಿದ್ದನ್ನು ಬಿಚ್ಚಿ, ಬಿಟ್ಟುಹೋದ ನಾಳ ಹುಡುಕೋದಕ್ಕೆ ಮೈಕ್ರೋಸ್ಕೋಪ್ ಬೇಕು, ಅದೇ ಕೆಲಸದಲ್ಲಿ ಪಳಗಿದ ಕೈ ಬೇಕು. ನಾನು ಪ್ರಯತ್ನ ಮಾಡಿ ನೋಡಿದರೆ ನಿಮ್ಮ ಹಲ್ಲಿಗೆ ನಷ್ಟ." ತನಗೆ ಬರುವ ದುಡ್ಡನ್ನು ಬಿಟ್ಟು ಹೀಗೆ ಹೇಳುವುದು ಸಣ್ಣ ಮಾತಲ್ಲ. ನನಗೆ ಆಗಲೇ ಅವರ ಮೇಲೆ ನಂಬಿಕೆ ಬಂತು.

ದಾರಿಗಳನ್ನೆಲ್ಲ ಮುಂದಿಟ್ಟರು. ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜಿವೆ, ಬಾಪೂಜಿ ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಅಲ್ಲಿ ಎಂ.ಡಿ.ಎಸ್. ಓದುವ ಡಾಕ್ಟರು ಮಾಡುತ್ತಾರೆ, ಹಿಂದೆ ಪ್ರೊಫೆಸರು ನಿಂತಿರುತ್ತಾರೆ, ಖರ್ಚು ಕಡಿಮೆ. ಆದರೆ ನಾಲ್ಕೈದು ಸಲ ಹೋಗಬೇಕಾಗಬಹುದು. ಇಲ್ಲವೇ ಅದೇ ಊರಲ್ಲಿ ತಾವು ಕಳಿಸುವ ಸ್ಪೆಷಲಿಸ್ಟ್. ಅದೂ ಬೇಡ ಅಂದರೆ ಹಲ್ಲು ಕೀಳಿಸುವುದು. ನಾನು ಅಂಗಡಿ ಮುಚ್ಚಿ ಜಾಸ್ತಿ ಸಲ ಓಡಾಡಲು ಆಗುವುದಿಲ್ಲ ಅಂತ ಸ್ಪೆಷಲಿಸ್ಟನ್ನೇ ಆರಿಸಿಕೊಂಡೆ. ನನಗೆ ಗೊತ್ತಿರದ ಒಂದು ವಿಷಯ ಕೂಡ ಅವತ್ತು ತಿಳಿಯಿತು. ಬಿ.ಡಿ.ಎಸ್. ಇಂಟರ್ನ್‌ಶಿಪ್ ಸೇರಿ 5 ವರ್ಷ. ಅದಾದ ಮೇಲೆ ಎಂ.ಡಿ.ಎಸ್. 3 ವರ್ಷ, ಅದರಲ್ಲಿ 9 ವಿಭಾಗ. ರೂಟ್ ಕೆನಾಲಿನವರು ಬೇರೆ, ಹಲ್ಲು ನೇರ ಮಾಡುವವರು ಬೇರೆ, ವಸಡಿನವರು ಬೇರೆ, ಮಕ್ಕಳ ಹಲ್ಲಿನವರು ಬೇರೆ. ಬೋರ್ಡಿನಲ್ಲಿ ಎಂ.ಡಿ.ಎಸ್. ಅಂತ ಇದ್ದರೆ ಯಾವುದರಲ್ಲಿ ಅಂತಲೂ ಕೇಳಬೇಕು.

ಆಮೇಲೆ ಕೂತು ಚೀಟಿ ಬರೆದರು. ಚೀಟಿ ಅಂದರೆ ನಾನು ಅಂದುಕೊಂಡಿದ್ದು ಫೋನ್ ನಂಬರ್, ವಿಳಾಸ ಅಂತ. ಇದು ಒಂದು ಪೂರ್ತಿ ಹಾಳೆ. ಇಂಗ್ಲಿಷಿನಲ್ಲಿ ಬರೆದು, ನನಗೆ ಕನ್ನಡದಲ್ಲಿ ಓದಿ ಹೇಳಿದರು. ಹಲ್ಲಿನ ನಂಬರ್ 16. ಬಾಯನ್ನು ನಾಲ್ಕು ಭಾಗ ಮಾಡಿದರೆ ಮೇಲಿನ ಬಲಗಡೆ ಒಂದನೇ ಭಾಗ, ಮುಂದಿನಿಂದ ಎಣಿಸಿದರೆ ಆರನೇ ಹಲ್ಲು, ಅದಕ್ಕೆ 16. ಮೊದಲ ಸಲ ಯಾವಾಗ ಕೆಲಸ ಆಗಿತ್ತು, ನೋವು ಎಂದಿನಿಂದ, ಕುಟ್ಟಿದರೆ ನೋವು, ವಸಡು ಚೆನ್ನಾಗಿದೆ. ಬಿಪಿ ಗುಳಿಗೆಯ ಹೆಸರು. ಅಮಾಕ್ಸಿಸಿಲಿನ್ ತಗೊಂಡರೆ ಮೈಮೇಲೆ ದದ್ದು ಬರುತ್ತದೆ ಅನ್ನುವುದನ್ನು ಕೆಂಪು ಪೆನ್ನಿನಲ್ಲಿ. ಆಮೇಲೆ ಪ್ರಶ್ನೆ: ನಾಲ್ಕನೇ ನಾಳ ಬಿಟ್ಟುಹೋಗಿದೆ ಅಂತ ನನ್ನ ಅನುಮಾನ, ನೋಡಿ. ಬೇರಿನಲ್ಲಿ ಬಿರುಕು ಕಂಡರೆ ಮುಂದುವರಿಸಬೇಡಿ, ಮೊದಲು ನನಗೆ ಫೋನ್ ಮಾಡಿ. ಬೇರಿನ ಕೆಲಸ ನಿಮ್ಮದು, ಮೇಲಿನ ಫಿಲ್ಲಿಂಗ್ ಮತ್ತು ಕ್ಯಾಪ್ ನಾನು ಮಾಡುತ್ತೇನೆ. ಕೊನೆಯ ಸಾಲು ಓದಿದಾಗ ನನಗೆ ಗಂಟಲು ಕಟ್ಟಿತು. "ಇವರು ಟೈಲರ್, ಅಂಗಡಿ 11ಕ್ಕೆ ತೆಗೆಯಬೇಕು. ಬೆಳಿಗ್ಗೆ ಬೇಗ ಟೈಮ್ ಕೊಟ್ಟರೆ ಅನುಕೂಲ."

ನಾನು ಒಂದು ಮಾತು ಕೇಳಿಯೇಬಿಟ್ಟೆ. ಕಳಿಸಿದ್ದಕ್ಕೆ ನಿಮಗೇನಾದರೂ ಕೊಡ್ತಾರಾ ಅಂತ. ಬೇಸರ ಮಾಡಿಕೊಳ್ಳಲಿಲ್ಲ. "ಅಲ್ಲಿ ಕೊಡೋದು ಅವರ ಕೆಲಸಕ್ಕೆ, ಇಲ್ಲಿ ಕೊಡೋದು ನನ್ನ ಕೆಲಸಕ್ಕೆ. ನಡುವೆ ಏನೂ ಇಲ್ಲ" ಅಂದರು. ರೋಗಿಯನ್ನು ಕಳಿಸಿ ಕಮಿಷನ್ ತಗೊಳ್ಳುವುದು ದಂತವೈದ್ಯರ 2014ರ ನೀತಿ ನಿಯಮದ ಪ್ರಕಾರವೇ ತಪ್ಪಂತೆ. ನನ್ನ ಹಾಗೆ ಬಹಳ ಜನಕ್ಕೆ ಈ ಅನುಮಾನ ಇರುತ್ತದೆ. ಮನಸ್ಸಲ್ಲಿಟ್ಟುಕೊಂಡು ಕೊರಗುವುದಕ್ಕಿಂತ ಕೇಳುವುದು ಒಳ್ಳೆಯದು.

ದಾವಣಗೆರೆ ನಮಗೆ ಹತ್ತಿರ, ಬಸ್ಸಿಗೆ ಅರ್ಧ ಮುಕ್ಕಾಲು ಗಂಟೆ. ಎಂಟೂವರೆಗೆ ಟೈಮ್ ಕೊಟ್ಟಿದ್ದರು. ಆ ಡಾಕ್ಟರು ಚಿಕ್ಕ ವಯಸ್ಸಿನವರು. ಬಾಯಿ ನೋಡುವ ಮೊದಲು ಚೀಟಿ ಓದಿದರು, ನಿಧಾನವಾಗಿ. ಓದಿ ಮುಗಿಸಿ ಕೇಳಿದ ಮೊದಲ ಮಾತು, "ಅಮಾಕ್ಸಿಸಿಲಿನ್ ನಿಮಗೆ ಆಗಲ್ಲ ಅಲ್ವಾ?" ನಾನು ಮತ್ತೆ ಮೊದಲಿಂದ ಕಥೆ ಹೇಳುವ ಕೆಲಸವೇ ಬೀಳಲಿಲ್ಲ. ಹತ್ತಿರದ ಸ್ಕ್ಯಾನ್ ಸೆಂಟರಿಗೆ ಕಳಿಸಿ ಸಿಬಿಸಿಟಿ, ಅಂದರೆ ಹಲ್ಲು-ದವಡೆಯ 3ಡಿ ಸ್ಕ್ಯಾನ್, ಮಾಡಿಸಿದರು. ಗದ್ದ ಇಟ್ಟು ಅಲ್ಲಾಡದೆ ನಿಲ್ಲಬೇಕು, ಮಷೀನು ತಲೆಯ ಸುತ್ತ ಒಂದು ಸುತ್ತು ಬರುತ್ತದೆ, ಮುಗಿಯಿತು. ಚಿತ್ರದಲ್ಲಿ ಬೇರನ್ನು ಅಡ್ಡ ಕೊಯ್ದ ಹಾಗೆ ಕಾಣುತ್ತದೆ, ಬೆಂಡೆಕಾಯಿ ಕೊಯ್ದ ಹಾಗೆ. ಒಂದು ಬಿಳಿ ಚುಕ್ಕೆ, ಅದರ ಪಕ್ಕದಲ್ಲೇ ಒಂದು ಕಪ್ಪು ಚುಕ್ಕೆ. ಆ ಕಪ್ಪು ಚುಕ್ಕೆಯೇ ಯಾರೂ ಮುಟ್ಟದೆ ಬಿಟ್ಟ ನಾಳ. ನನ್ನೆದುರೇ ಹರಿಹರಕ್ಕೆ ಫೋನ್ ಮಾಡಿದರು. "ಮೇಡಂ, ನಿಮ್ಮ ಅನುಮಾನ ಸರಿ. ಬಿರುಕು ಕಾಣ್ತಿಲ್ಲ. ಶುರು ಮಾಡ್ತೀನಿ."

ಹಳೆ ಕ್ಯಾಪ್ ಕತ್ತರಿಸಿ ತೆಗೆದರು. ಬಾಯಿಗೆ ನೀಲಿ ರಬ್ಬರ್ ಹಾಳೆ ಕಟ್ಟಿದರು, ಅದರ ತೂತಿನಿಂದ ಆ ಒಂದು ಹಲ್ಲು ಮಾತ್ರ ಹೊರಗೆ. ಉಗುಳು ಒಳಗೆ ಸೇರಬಾರದು, ಔಷಧಿ ಗಂಟಲಿಗೆ ಇಳಿಯಬಾರದು ಅಂತ. 2022ರಲ್ಲಿ ಇದನ್ನು ಕಟ್ಟಿರಲಿಲ್ಲ. ಒಂದೂವರೆ ಗಂಟೆ ಹಿಡಿಯಿತು. ಬ್ಲೀಚಿಂಗ್ ಪೌಡರಿನ ಥರ ವಾಸನೆ ಬಂತು, ಅದೇ ಒಳಗೆ ತೊಳೆಯುವ ಔಷಧಿ. ಕೊನೆಗೆ ಮೈಕ್ರೋಸ್ಕೋಪಿನ ಪರದೆ ತಿರುಗಿಸಿ ತೋರಿಸಿದರು. ನನ್ನ ಹಲ್ಲಿನ ತಳ, ಅದರಲ್ಲಿ ನಾಲ್ಕು ತೂತು. ಮೂರು ದೊಡ್ಡವು. ನಾಲ್ಕನೆಯದು ರೇಷ್ಮೆ ಬಟ್ಟೆಗೆ ಸೂಜಿ ಚುಚ್ಚಿ ತೆಗೆದಾಗ ಉಳಿಯುವ ಗುರುತಿನಷ್ಟು. ಒಂದೂವರೆ ವರ್ಷ ನನ್ನನ್ನು ಒಂದೇ ಕಡೆ ಅಗಿಯುವ ಹಾಗೆ ಮಾಡಿದ್ದು ಅಷ್ಟು ಚಿಕ್ಕದು.

ಅಂದು ಒಳಗೆ ಔಷಧಿ ಇಟ್ಟು ತಾತ್ಕಾಲಿಕವಾಗಿ ಮುಚ್ಚಿದರು. ಎರಡು ವಾರ ಬಿಟ್ಟು ಹೋದಾಗ ನಾಲ್ಕೂ ನಾಳ ತುಂಬಿದರು. ಆ ದಿನ ಇನ್ನೊಂದು ವಿಷಯ ನಡೆಯಿತು. "ಕೆಳಗಿನ ಎಡಗಡೆ ಒಂದು ಸಣ್ಣ ಹುಳುಕು ಇದೆ, ಮೇಡಂಗೆ ಬರೆದಿದ್ದೀನಿ" ಅಂದರು. ಬಂದಿದ್ದೀನಲ್ಲ, ನೀವೇ ತುಂಬಿಬಿಡಿ ಅಂದೆ. "ಅರ್ಜೆಂಟ್ ಇದ್ದಿದ್ದರೆ ಮಾಡ್ತಿದ್ದೆ. ಇದು ಕಾಯುತ್ತೆ. ನಿಮ್ಮ ಬಾಯಿ ಪೂರ್ತಿ ನೋಡಿಕೊಳ್ಳೋರು ಅವರು" ಅಂದರು. ಕ್ಯಾಪ್ ವಿಷಯದಲ್ಲೂ ಇದೇ ಮಾತು. ಕಳಿಸಿದವರ ಕೆಲಸವನ್ನು ಕಸಿದುಕೊಳ್ಳುವುದಿಲ್ಲ. ಹೀಗಿದ್ದರೆ ಮಾತ್ರ ಇನ್ನೊಬ್ಬ ರೋಗಿಯನ್ನು ಕಳಿಸಲು ಡಾಕ್ಟರಮ್ಮನಿಗೂ ಧೈರ್ಯ ಬರುತ್ತದೆ ಅಲ್ವಾ? ಇಲ್ಲದಿದ್ದರೆ ಗಿರಾಕಿ ಹೋಗಿಬಿಡುತ್ತಾರೆ ಅನ್ನುವ ಭಯದಲ್ಲಿ ಬಾರದ ಕೆಲಸವನ್ನೂ ತಾವೇ ಮಾಡಲು ಹೋಗುತ್ತಾರೆ. ಕೊನೆಗೆ ಅನುಭವಿಸುವುದು ನಮ್ಮ ಹಲ್ಲು.

ನಾನು ಬಸ್ ಇಳಿದು ಮನೆ ಸೇರುವ ಮೊದಲೇ ಉತ್ತರ ಡಾಕ್ಟರಮ್ಮನ ವಾಟ್ಸಾಪಿಗೆ ಬಂದಿತ್ತು. ಏನು ಸಿಕ್ಕಿತು, ಏನು ತುಂಬಿದೆ, ಮೊದಲಿನ ಮತ್ತು ಈಗಿನ ಎಕ್ಸ್-ರೇ. ಮೇಲಿನ ತಾತ್ಕಾಲಿಕ ಫಿಲ್ಲಿಂಗನ್ನು ಬೇಗ ತೆಗೆದು ಗಟ್ಟಿ ಫಿಲ್ಲಿಂಗ್ ಹಾಕಿ, ಕ್ಯಾಪ್ ತಡ ಮಾಡಬೇಡಿ, ಆರು ತಿಂಗಳಿಗೊಂದು ಎಕ್ಸ್-ರೇ. ಮೇಲಿನ ಮುಚ್ಚಳ ಸೋರಿದರೆ ಒಳಗಿನ ಕೆಲಸ ಎಲ್ಲ ನೀರಲ್ಲಿ ಹೋಮ ಅಂತ ಡಾಕ್ಟರಮ್ಮ ಹೇಳಿ, ಮರುದಿನವೇ ಅವರೇ ಫೋನ್ ಮಾಡಿ ಕರೆದರು.

ಖರ್ಚು ಹೇಳಿಬಿಡುತ್ತೇನೆ, ಜನ ಮೊದಲು ಕೇಳುವುದು ಅದನ್ನೇ. ಡಾಕ್ಟರಮ್ಮನ ಮೊದಲ ಭೇಟಿ ಮತ್ತು ಎಕ್ಸ್-ರೇಗಳಿಗೆ 600. ಸ್ಕ್ಯಾನ್ 1,500. ದಾವಣಗೆರೆಯಲ್ಲಿ 8,500. ಇಲ್ಲಿ ಫಿಲ್ಲಿಂಗ್ ಮತ್ತು ಜಿರ್ಕೋನಿಯಾ (ಹಲ್ಲಿನ ಬಣ್ಣದ ಗಟ್ಟಿ ಪಿಂಗಾಣಿಯಂಥ) ಕ್ಯಾಪ್ ಸೇರಿ 8,000. ಒಟ್ಟು 18,600. ನನ್ನಂಥವರಿಗೆ ದೊಡ್ಡ ಮೊತ್ತವೇ, ಸುಳ್ಳು ಹೇಳುವುದಿಲ್ಲ. ಆದರೆ ಯಾವುದಕ್ಕೆ ಎಷ್ಟು ಅಂತ ಮೊದಲೇ ಬರೆದುಕೊಟ್ಟಿದ್ದರು. ಡಾಕ್ಟರಮ್ಮ ತಮ್ಮ ಪಾಲಿನದನ್ನು ಎರಡು ಕಂತಿನಲ್ಲಿ ತಗೊಂಡರು.

ಕೊರತೆಗಳೂ ಇವೆ. ಹರಿಹರದ ಕ್ಲಿನಿಕ್‌ಗೆ ಮೆಟ್ಟಿಲು ಕಡಿದು, ಲಿಫ್ಟ್ ಇಲ್ಲ. ಮಂಡಿ ನೋವಿರುವ ನಮ್ಮ ಅತ್ತೆಯನ್ನು ಇಬ್ಬರು ಹಿಡಿದು ಹತ್ತಿಸಬೇಕಾಯಿತು. ಒಬ್ಬರೇ ಡಾಕ್ಟರಾದ್ದರಿಂದ ಸಂಜೆ ಒಂದು ಗಂಟೆಯಾದರೂ ಕಾಯಬೇಕು. ಮೊದಲು ಬಂದ ಕ್ಯಾಪ್ ತೀರಾ ಬಿಳಿಯಾಗಿತ್ತು, ಲ್ಯಾಬಿಗೆ ವಾಪಸ್ ಕಳಿಸಿದರು, ಆರು ದಿನ ಹೆಚ್ಚು ಹಿಡಿಯಿತು. ದಾವಣಗೆರೆಯಲ್ಲಿ ಫೋನ್ ಮಾಡಿದರೆ ಎತ್ತುವುದು ಕಷ್ಟ, ಮೆಸೇಜ್ ಹಾಕಿದರೆ ಸಂಜೆ ಉತ್ತರ ಬರುತ್ತದೆ. ಸ್ಕ್ಯಾನ್ ಅಲ್ಲೇ ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು.

ಮಗಳ ವಿಷಯವನ್ನೂ ಇಲ್ಲಿ ಸೇರಿಸಬೇಕು. ಅವಳಿಗೆ 12 ವರ್ಷ, ಮೇಲಿನ ಹಲ್ಲು ಮುಂದೆ ಬಂದಿದೆ. ಹಲ್ಲಿಗೆ ತಂತಿ ಹಾಕುವ ಸ್ಪೆಷಲಿಸ್ಟ್ ಇದೇ ಹರಿಹರದ ಕ್ಲಿನಿಕ್‌ಗೆ ಎರಡು ವಾರಕ್ಕೊಂದು ಶನಿವಾರ ಬರುತ್ತಾರೆ. ಇವರೂ ವಿಸಿಟಿಂಗ್ ಡಾಕ್ಟರೇ. ಆದರೆ ಅವರ ಹೆಸರು, ನೋಂದಣಿ ನಂಬರ್ ನಮ್ಮ ಕಾರ್ಡಿನ ಮೇಲಿದೆ, ಅವತ್ತು ಮಾಡಿದ್ದನ್ನು ಬರೆದು ಸಹಿ ಹಾಕಿ ಹೋಗುತ್ತಾರೆ. ತಂತಿ ಹಾಕುವ ಮೊದಲು ಜಾಗಕ್ಕಾಗಿ ಎರಡು ಹಲ್ಲು ತೆಗೆಯಬೇಕು, 14 ಮತ್ತು 24, ಅಂದರೆ ಮೇಲೆ ಬಲಗಡೆ ಮತ್ತು ಎಡಗಡೆ ಮುಂದಿನಿಂದ ನಾಲ್ಕನೆಯವು, ಅಂತ ಬರೆದಿಟ್ಟಿದ್ದರು. ತೆಗೆಯುವುದು ಡಾಕ್ಟರಮ್ಮ. ಮಗಳು ಕುರ್ಚಿಯಲ್ಲಿ ಕೂತಾಯಿತು, ಇಂಜೆಕ್ಷನ್ ತಯಾರಾಯಿತು. ಆಗ ಡಾಕ್ಟರಮ್ಮ ನಿಂತರು. ಎಡಗಡೆ ಒಂದು ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಎಣಿಸುವಾಗ ತಪ್ಪಾಗಬಹುದು ಅಂತ ಕೈಗವಸು ತೆಗೆದು, ಫೋಟೋ ಹೊಡೆದು ಕಳಿಸಿ, ಫೋನ್ ಮಾಡಿದರು. "ಕೋರೆಹಲ್ಲಿನ ಪಕ್ಕದ್ದೇ ಅಲ್ವಾ? ಹಾಲುಹಲ್ಲು ಇರಲಿ ಅಲ್ವಾ?" ಹೌದು ಅಂತ ಆ ಕಡೆಯಿಂದ ಉತ್ತರ ಬಂದ ಮೇಲೆಯೇ ಕೆಲಸ. ಎರಡು ನಿಮಿಷದ ಮಾತು. ಕತ್ತರಿ ಹಾಕುವ ಮೊದಲು ಅಳತೆ ಪುಸ್ತಕವನ್ನು ಇನ್ನೊಂದು ಸಲ ನೋಡುವ ಅಭ್ಯಾಸ ನನಗೂ ಇದೆ. ಹಾಗಾಗಿ ಆ ಎರಡು ನಿಮಿಷದ ಬೆಲೆ ನನಗೆ ಗೊತ್ತು.

ನೀವು ಎಲ್ಲೇ ಹೋದರೂ, ಕುರ್ಚಿಯಲ್ಲಿ ಕೂರುವ ಮೊದಲು ಇಷ್ಟು ಕೇಳಿಕೊಳ್ಳಿ. ಕೆಲಸ ಮಾಡುವ ಸ್ಪೆಷಲಿಸ್ಟ್ ಹೆಸರೇನು, ನನ್ನ ಕಾರ್ಡಿನಲ್ಲಿ ಬರೆಯುತ್ತೀರಾ, ಮುಂದೆ ನೋವು ಬಂದರೆ ಯಾರ ಹತ್ತಿರ ಬರಬೇಕು. ಕೇಳಿದರೆ ಒಳ್ಳೆಯ ಡಾಕ್ಟರು ಖುಷಿಯಿಂದಲೇ ಹೇಳುತ್ತಾರೆ. ಕಳಿಸುವ ಚೀಟಿಯ ಒಂದು ಫೋಟೋ ನಿಮ್ಮ ಹತ್ತಿರವೂ ಇರಲಿ.

2025ರ ಫೆಬ್ರವರಿಯಲ್ಲಿ ಆರು ತಿಂಗಳ ಎಕ್ಸ್-ರೇ ಆಯಿತು. ಡಾಕ್ಟರಮ್ಮ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರು. ತೊಗರಿಬೇಳೆಯಷ್ಟಿದ್ದ ಕಪ್ಪು ಈಗ ಸಾಸಿವೆಯಷ್ಟಾಗಿದೆ, ಸುತ್ತ ಮೂಳೆ ತುಂಬಿಕೊಳ್ಳುತ್ತಿದೆ. ನಾನು ಕುರ್ಚಿಯಲ್ಲಿ ಕೂತಿದ್ದಾಗಲೇ ಅದನ್ನು ದಾವಣಗೆರೆಗೆ ಕಳಿಸಿದರು. ಬಾಯಿ ತೊಳೆದುಕೊಳ್ಳುವಷ್ಟರಲ್ಲಿ ಉತ್ತರ ಬಂತು: "ಚೆನ್ನಾಗಿ ಗುಣವಾಗ್ತಿದೆ ಮೇಡಂ. ಆಗಸ್ಟಿನಲ್ಲಿ ಇನ್ನೊಂದು ಕಳಿಸಿ. ಎಡಗಡೆ ಹುಳುಕು ತುಂಬಿದಿರಾ?" ತುಂಬಿ ಆಗಿತ್ತು. ಅದರ ಫೋಟೋವನ್ನೂ ಕಳಿಸಿದರು.